ಗಂಗಯ್ಯನವರ ಕೋಣೆ

ರುದ್ರೇಶ ಮತ್ತು ಮನೋಹರ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಒಂದೇ ಕಾರಿನಲ್ಲಿ ಓಡಾಡಲು ಶುರುಮಾಡಿ ಎಷ್ಟೋ ವರ್ಷವಾಗಿತ್ತು. ಇಬ್ಬರೂ ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ರುದ್ರೇಶನದು ಗಣಿತ, ಮನೋಹರನದು ಸಮಾಜ. ಒಂದು ವಾರ ಇವನ ಕಾರು, ಮುಂದಿನ ವಾರ ಅವನದು. ನೇಪಾಳದ ಮಾತು ಹುಟ್ಟಿದ್ದೂ ಆ ಕಾರಿನಲ್ಲೇ, ಜನವರಿಯ ಒಂದು ಬೆಳಿಗ್ಗೆ, ಶಾಂತಿಗ್ರಾಮದ ಹತ್ತಿರ ಮಂಜಿನಲ್ಲಿ ಲಾರಿಯೊಂದರ ಹಿಂದೆ ತೆವಳುತ್ತಿದ್ದಾಗ.

"ಅಮ್ಮ ಒಂದೇ ಸಮ ಹಟ ಹಿಡಿದಿದಾರೆ ಕಣೋ. ಕಾಶಿ ನೋಡ್ಬೇಕು, ಪಶುಪತಿನಾಥನ್ನ ನೋಡ್ಬೇಕು ಅಂತ. ವಿಮಾನ ಹತ್ತಲ್ಲ, ರೈಲಿನ ಗದ್ದಲ ಆಗಲ್ಲ. ಕಾರಲ್ಲಾದ್ರೆ ಬತ್ತೀನಿ ಅಂತಾರೆ," ಅಂದ ರುದ್ರೇಶ.

ಮನೋಹರ ನಕ್ಕ. "ನಮ್ಮಪ್ಪಂದು ಲುಂಬಿನಿ. ಬುದ್ಧ ಹುಟ್ಟಿದ ಜಾಗದಲ್ಲಿ ಬುದ್ಧ ಪೂರ್ಣಿಮೆ ದಿನ ನಿಂತ್ಕೋಬೇಕಂತೆ. ದಾರಿ ಒಂದೇ ಅಲ್ವೇನೋ?"

ದಾರಿ ನಿಜಕ್ಕೂ ಒಂದೇ ಆಗಿತ್ತು. ಅವತ್ತಿನಿಂದ ಶಾಲೆಯ ಹಾಜರಾತಿ, ಡಿಎ, ವರ್ಗಾವಣೆಗಳ ಮಾತು ಕಾರಿನಿಂದ ಇಳಿದುಹೋಯಿತು. ಮನೋಹರನಿಗೆ ಭೂಪಟವೆಂದರೆ ಪ್ರಾಣ. ಮೇ ತಿಂಗಳ ಬಿಸಿಲಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೋಗುವುದು ಹುಡುಗಾಟವಲ್ಲ ಎಂದು ಅವನು ಮೊದಲೇ ಲೆಕ್ಕ ಹಾಕಿದ. ಹೊತ್ತು ಮೂಡುವ ಮುಂಚೆ ಹೊರಡಬೇಕು, ಮಧ್ಯಾಹ್ನ ಎಲ್ಲಾದರೂ ನೆರಳು ಸೇರಬೇಕು. ಬರೀ ಓಡುತ್ತ ಹೋದರೆ ಪ್ರಯಾಣವಾಗುವುದಿಲ್ಲ, ಪಾರ್ಸಲ್ ಆಗುತ್ತದೆ ಎನ್ನುತ್ತಿದ್ದ. ಹೈದರಾಬಾದಿನ ಆಚೆ ನಾಗಪುರ, ಅಲ್ಲಿ ಅಪ್ಪನಿಗಾಗಿ ಬೌದ್ಧರ ದೀಕ್ಷಾಭೂಮಿ. ಜಬಲ್ಪುರದ ಹತ್ತಿರ ನರ್ಮದೆ ಬಿಳಿ ಕಲ್ಲುಗಳ ನಡುವೆ ಇಕ್ಕಟ್ಟಾಗಿ ಹರಿಯುವ ಭೇಡಾಘಾಟ್, ಅಲ್ಲಿ ದೋಣಿ. ಆಮೇಲೆ ಕಾಶಿ, ಅದರ ಪಕ್ಕದಲ್ಲೇ ಸಾರನಾಥ. ಗೋರಖಪುರ ದಾಟಿ ಸುನೌಲಿಯಲ್ಲಿ ಗಡಿ. ಅಲ್ಲಿಂದ ಲುಂಬಿನಿ ಹತ್ತಿರವೇ. ಕೊನೆಗೆ ಪಶುಪತಿನಾಥ.

"ಗಡೀಲಿ ಆಧಾರ್ ತೋರಿಸಿದ್ರೆ ತಕರಾರು ಮಾಡ್ತಾರಂತೆ. ಎಲ್ಲರ ವೋಟರ್ ಕಾರ್ಡ್ ಇರ್ಲಿ. ಗಾಡಿಗೆ ಅಲ್ಲೇ ಒಂದು ಚೀಟಿ ಮಾಡಿಸ್ಬೇಕು, ಬೆಳಿಗ್ಗೆ ಬೇಗ ಹೋದ್ರೆ ಸಾಲು ಕಮ್ಮಿ," ಎಂದು ಅವನು ಹೇಳುವಾಗ ರುದ್ರೇಶನಿಗೆ ತಾನಾಗಲೇ ಗಡಿಯಲ್ಲಿ ನಿಂತಂತೆ ಅನ್ನಿಸುತ್ತಿತ್ತು. ಬಾಡಿಗೆಗೆ ಒಂದು ದೊಡ್ಡ ಗಾಡಿ ಮಾತಾಡಿದರು. ಡ್ರೈವರ್ ಬಿಟ್ಟು ಆರು ಜನ: ರುದ್ರೇಶ, ಅವನ ಹೆಂಡತಿ ಯಶಸ್ವಿನಿ, ತಾಯಿ ಗುರುಸಿದ್ದಮ್ಮ, ಮನೋಹರ, ಅವನ ಹೆಂಡತಿ ಶಾಂತಿ, ತಂದೆ ಗಂಗಯ್ಯ. ಪೂರ್ಣಿಮೆಯ ಜನಜಂಗುಳಿ ಇರುತ್ತದೆಂದು ಮನೋಹರ ನಾಗಪುರ ಮತ್ತು ಸಾರನಾಥದಲ್ಲಿ ಫೋನು ಮಾಡಿ ಕೋಣೆಗಳನ್ನೂ ಹಿಡಿದಿಟ್ಟ.

ಇಷ್ಟು ವರ್ಷದ ಸ್ನೇಹದಲ್ಲಿ ಮನೋಹರ ರುದ್ರೇಶನ ಮನೆಯ ಗೇಟಿನವರೆಗೆ ಮಾತ್ರ ಬಂದಿದ್ದ. ಬೆಳಿಗ್ಗೆ ಹಾರ್ನ್ ಹೊಡೆಯುತ್ತಿದ್ದ, ರುದ್ರೇಶ ಓಡಿಬಂದು ಹತ್ತುತ್ತಿದ್ದ. ಅದಕ್ಕೆ ಅವಸರವೇ ಕಾರಣ ಎಂದು ರುದ್ರೇಶ ತನಗೆ ತಾನೇ ಹೇಳಿಕೊಂಡಿದ್ದ. ಈಗ ಒಟ್ಟಿಗೆ ಹೋಗುವವರು ಒಮ್ಮೆ ಕೂತು ಮಾತಾಡಬೇಕಲ್ಲ. ಮಾರ್ಚಿನ ಒಂದು ಭಾನುವಾರ ಅವನೇ ಕರೆದ. ಮನೋಹರ ತಂದೆಯನ್ನೂ ಕರೆದುಕೊಂಡು ಬಂದ.

ಗಂಗಯ್ಯ ಹೊಳೆನರಸೀಪುರ ತಾಲ್ಲೂಕು ಹಳೇಕೋಟೆಯವರು. ಲೋಕೋಪಯೋಗಿ ಇಲಾಖೆಯ ರಸ್ತೆ ಗ್ಯಾಂಗಿನಲ್ಲಿ ಜಲ್ಲಿ ಹರವುತ್ತ, ಟಾರು ಕಾಯಿಸುತ್ತ ದುಡಿದು ನಿವೃತ್ತರಾದವರು. ಬಿಳಿ ಅಂಗಿ, ಬಿಳಿ ಪಂಚೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಬುದ್ಧ. ಸೋಫಾದ ಅಂಚಿನಲ್ಲಿ ಕೂತು ಮಗ ಬಿಚ್ಚಿದ ಭೂಪಟದ ಮೇಲೆ ಬಗ್ಗಿದರು.

"ಅರಕಲಗೂಡು ರೋಡು, ಹಳ್ಳಿ ಮೈಸೂರು ರೋಡು, ಎಲ್ಲಾ ನಾವೇ ಮಾಡಿದ್ದು ಮೇಷ್ಟ್ರೇ. ಆದ್ರೆ ಆ ರೋಡ್ನಾಗೆ ದೂರ ಓದೋನಲ್ಲ ನಾನು. ಒಂದ್ಸಲಾನಾದ್ರೂ ಓಗಿ ಬರಾವ ಅಂತ ಆಸೆ ಕಣಿ," ಅಂದರು.

ಗುರುಸಿದ್ದಮ್ಮ ಆಗತಾನೇ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಹೊರಗೆ ಬಂದರು. ಎದುರಿನ ಕುರ್ಚಿಯಲ್ಲಿ ಕೂತು ನಯವಾಗಿಯೇ ಮಾತಾಡಿಸಿದರು. ಊರು ಯಾವುದು, ಮಕ್ಕಳೆಷ್ಟು. ಆಮೇಲೆ, "ನಿಮ್ದು ಯಾವ ಪೈಕಿಯಾಯ್ತಪ್ಪ?" ಅಂದರು.

ರುದ್ರೇಶ ಭೂಪಟದ ಮೇಲೆ ಕಣ್ಣು ನೆಟ್ಟ.

"ನಾವು ಬೌದ್ಧರು ಕಣವ್ವ," ಅಂದರು ಗಂಗಯ್ಯ, ಸಲೀಸಾಗಿ. "ದೀಕ್ಷೆ ತಕ್ಕಂಡು ಭಾಳ ವರ್ಸ ಆಯ್ತು. ಊರ್ನಾಗೆ ಈಗ್ಲೂ ಕಾಲೋನಿಯೋರು ಅಂತಾರೆ."

ಗುರುಸಿದ್ದಮ್ಮ ತಲೆಯಾಡಿಸಿದರು. ಸ್ವಲ್ಪ ಹೊತ್ತು ಕೂತಿದ್ದು ಎದ್ದು ಒಳಗೆ ಹೋದರು. ಯಶಸ್ವಿನಿ ಕಾಫಿ ತಂದಳು. ಎಲ್ಲರಿಗೂ ಕಾಗದದ ಲೋಟ. "ಕೆಲಸದವಳು ಬಂದಿಲ್ಲ, ಪಾತ್ರೆ ಎಲ್ಲಾ ಹಾಗೇ ಬಿದ್ದಿದೆ," ಅಂದಳು ಯಾರೂ ಕೇಳದಿದ್ದರೂ. ಕೆಲಸದವಳು ಬೆಳಿಗ್ಗೆಯೇ ಬಂದು ಪಾತ್ರೆ ತೊಳೆದು ಹೋಗಿದ್ದಳು. ರುದ್ರೇಶನ ಕೈಯಲ್ಲಿ ಆ ಲೋಟ ಮೆತ್ತಗಾಗುತ್ತ ಬಂತು. ಅವನು ಅದನ್ನು ಕುಡಿದು ಮುಗಿಸಿದ. ಮನೋಹರ ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟು, ಭೂಪಟ ಮಡಚತೊಡಗಿದ.

ಅವರು ಹೋದ ಮೇಲೆ ಗುರುಸಿದ್ದಮ್ಮ ಜಗಳವಾಡಲಿಲ್ಲ, ಅಳಲಿಲ್ಲ. "ಆವಪ್ಪ ಒಳ್ಳೆಯೋರೇ ಇರಬೌದು. ಅಷ್ಟು ದಿನ ಒಂದೇ ಗಾಡೀಲಿ ಕೂತು, ಒಂದೇ ಪಾತ್ರೇಲಿ ಮಾಡಿದ್ದನ್ನ ಉಣ್ಣೋಕೆ ನನ್ ಕೈಲಾಗಲ್ಲ. ನಾನು ಬರಲ್ಲ. ನೀವು ಮಾತು ಕೊಟ್ಟಿದ್ದೀರಿ, ನೀವು ಹೋಗ್ಬನ್ನಿ," ಅಂದರು.

ಮುಚ್ಚುಮರೆಯಿಲ್ಲದ ಮಾತು. ಅಮ್ಮನ ಜೊತೆ ವಾದ ಮಾಡಬಹುದಿತ್ತು. ಅಮ್ಮನನ್ನು ಬಿಟ್ಟು ಹೋಗಬಹುದಿತ್ತು. ಮನೋಹರನ ಮುಂದೆ ಕೂತು, ಹೀಗಾಗಿದೆ ಕಣೋ, ಏನು ಮಾಡೋಣ ಎಂದು ಕೇಳಬಹುದಿತ್ತು. ರುದ್ರೇಶ ಯಾವುದನ್ನೂ ಮಾಡದೆ ದಿನ ದೂಡಿದ. ಅಷ್ಟರಲ್ಲಿ ಯಶಸ್ವಿನಿಯ ತಮ್ಮ ಗೌರೀಶಂಕರನಿಗೆ ವಿಷಯ ತಿಳಿಯಿತು. ಅವನು ರಾಮನಾಥಪುರದಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡುವವನು, ಮಾತು ಜೋರು. "ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಾ ಭಾವ? ಅವ್ರಿಗೆ ಟ್ರಿಪ್ ಕ್ಯಾನ್ಸಲ್ ಅಂದ್ಬುಡಿ. ಆ ಸೀಟಿಗೆ ನಾನೂ ನನ್ ಹೆಂಡ್ತೀನೂ ಬತ್ತೀವಿ. ಅತ್ತೆಯೋರೂ ಬತ್ತಾರೆ. ಎಲ್ಲಾ ನಮ್ ನಮ್ಮೋರೇ," ಅಂದ ಫೋನಿನಲ್ಲಿ. ರುದ್ರೇಶ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಪರೀಕ್ಷೆಯ ಕೊನೆಯ ದಿನ, ಮನೆಗೆ ವಾಪಸಾಗುವಾಗ ಅವನು ಮಾತು ತೆಗೆದ. ಕಾರು ಮನೋಹರನದು, ಓಡಿಸುತ್ತಿದ್ದವನೂ ಅವನೇ. ಮುಖ ನೋಡದೆ ಹೇಳಲು ಅನುಕೂಲವಾಯಿತು.

"ಟ್ರಿಪ್ ಆಗಲ್ಲ ಅನ್ಸುತ್ತೆ ಕಣೋ. ಅಮ್ಮಂಗೆ ಮಂಡಿ ಊದ್ಬಿಟ್ಟಿದೆ. ಡಾಕ್ಟ್ರು ಎಲ್ಲೂ ಹೋಗ್ಬೇಡಿ ಅಂದಿದಾರೆ."

ಮನೋಹರ ಕಾರಿನ ವೇಗ ತಗ್ಗಿಸಿದ. "ಅಯ್ಯೋ, ಯಾವಾಗಿಂದ? ಎಕ್ಸ್‌ರೇ ತೆಗೆಸಿದ್ರಾ?"

"ಹೂಂ. ಸವೆದಿದೆಯಂತೆ." ಒಂದು ಸುಳ್ಳಿಗೆ ಇನ್ನೊಂದು ತಾನಾಗಿಯೇ ಬಂದು ಸೇರಿತು.

"ಸರಿ ಬಿಡು. ಹುಷಾರಾಗ್ಲಿ ಮೊದ್ಲು. ಅಪ್ಪಂಗೆ ನಾನು ಹೇಳ್ತೀನಿ, ಮುಂದಿನ ವರ್ಷ ಹೋದ್ರಾಯ್ತು," ಅಂದ ಮನೋಹರ. ಇಳಿಯುವಾಗ ಮತ್ತೊಮ್ಮೆ, "ಏನಾದ್ರೂ ಬೇಕಾದ್ರೆ ಫೋನ್ ಮಾಡೋ," ಅಂದ.

ಹೊರಡುವ ಹಿಂದಿನ ಸಂಜೆ ಗಾಡಿ ಬಂದು ಮನೆಮುಂದೆ ನಿಂತಿತ್ತು. ಗೌರೀಶಂಕರ ಮೇಲಕ್ಕೆ ಟಾರ್ಪಾಲು ಕಟ್ಟಿಸುತ್ತಿದ್ದ. ಗುರುಸಿದ್ದಮ್ಮ ಚಟ್ನಿಪುಡಿ, ರೊಟ್ಟಿಗಳ ಡಬ್ಬಿಗಳನ್ನು ತಾವೇ ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಆಗ ಬೀದಿಯ ತಿರುವಿನಲ್ಲಿ ಮನೋಹರನ ಕಾರು ಕಾಣಿಸಿತು. ಗಂಗಯ್ಯ ಇಳಿದರು, ಕೈಯಲ್ಲಿ ಒಂದು ಬಾಟಲಿ. ಅರಕಲಗೂಡಿನ ಕಡೆಯ ನಾಟಿ ವೈದ್ಯರೊಬ್ಬರ ಮಂಡಿನೋವಿನ ಎಣ್ಣೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ತಂದಿದ್ದರಂತೆ.

ಅವರು ಗಾಡಿಯನ್ನು ನೋಡಿದರು, ಮೇಲೆ ಕಟ್ಟಿದ ಸಾಮಾನು ನೋಡಿದರು, ಮೆಟ್ಟಿಲ ಮೇಲೆ ಡಬ್ಬಿ ಹಿಡಿದು ನಿಂತ ಗುರುಸಿದ್ದಮ್ಮನನ್ನು ನೋಡಿದರು.

"ಮಂಡಿ ವಾಸಿ ಆಯ್ತಾ ಅವ್ವ?" ಅಂದರು.

ಗುರುಸಿದ್ದಮ್ಮನಿಗೆ ಅರ್ಥವಾಗಲಿಲ್ಲ. "ನನ್ ಮಂಡಿಗೇನಾಗಿದೆ?" ಎಂದು ಮಗನ ಕಡೆ ತಿರುಗಿದರು.

ಗೌರೀಶಂಕರ ಹಗ್ಗ ಬಿಗಿಯುವುದರಲ್ಲಿ ಮಗ್ನನಾದ. ಮನೋಹರ ಕಾರಿನ ಬಾಗಿಲು ಹಿಡಿದು ರುದ್ರೇಶನನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಸಿಟ್ಟಿದ್ದಿದ್ದರೆ ರುದ್ರೇಶ ತಡೆದುಕೊಳ್ಳುತ್ತಿದ್ದನೇನೋ. ಅಲ್ಲಿ ಇದ್ದದ್ದು, ಇದು ಹೀಗೇ ಆಗುತ್ತದೆ ಎಂದು ಮೊದಲೇ ಗೊತ್ತಿದ್ದೂ ಮರೆತುಬಿಟ್ಟಿದ್ದವನ ದಣಿವು.

"ಒಳ್ಳೇದಾಯ್ತು ಬುಡಿ," ಅಂದರು ಗಂಗಯ್ಯ ಮೆಲ್ಲಗೆ. ಬಾಟಲಿಯನ್ನು ಕಾಂಪೌಂಡಿನ ಮೇಲಿಟ್ಟರು. "ದೂರದ ದಾರಿ. ಬೇಕಾಯ್ತದೆ."

"ನೀವು ಹೊರಡಿ," ಅಂದ ಮನೋಹರ ರುದ್ರೇಶನಿಗೆ. ಇಷ್ಟು ವರ್ಷ ಏಕವಚನದಲ್ಲಿ ಕರೆದವನ ಬಾಯಲ್ಲಿ ಆ 'ನೀವು' ಗೇಟು ಹಾಕಿದಂತೆ ಕೇಳಿಸಿತು.

ಬೆಳಗಿನ ಜಾವ ಹೊರಟವರು ಹಿರೀಸಾವೆಯ ಹೋಟೆಲೊಂದರ ಮುಂದೆ ತಿಂಡಿಗೆ ನಿಲ್ಲಿಸಿದರು. ಇಡ್ಲಿ ಬಂದಿತ್ತು. ರುದ್ರೇಶನ ಫೋನು ಮಿನುಗಿತು. ಮನೋಹರನ ಮೆಸೇಜು: ನಾಗಪುರ, ಸಾರನಾಥದ ಕೋಣೆಗಳು ನನ್ನ ಹೆಸರಿನಲ್ಲಿವೆ, ಕ್ಯಾನ್ಸಲ್ ಮಾಡಿಲ್ಲ. ಪೂರ್ಣಿಮೆ ರಶ್ಶಿನಲ್ಲಿ ವಯಸ್ಸಾದವರನ್ನಿಟ್ಟುಕೊಂಡು ಬೇರೆ ಕಡೆ ಸಿಗುವುದು ಕಷ್ಟ. ನನ್ನ ಹೆಸರು ಹೇಳಿ. ಕೆಳಗೆ ಎರಡು ಫೋನ್ ನಂಬರು. ಅಷ್ಟೇ. ಬೈಗುಳವಿಲ್ಲ, ಪ್ರಶ್ನೆಯಿಲ್ಲ.

ರುದ್ರೇಶ ಉತ್ತರ ಬರೆಯಲು ಹೋಗಿ ಅಳಿಸಿದ, ಮತ್ತೆ ಬರೆದು ಮತ್ತೆ ಅಳಿಸಿದ. ವಾಪಸು ಹೋಗುವ ಬಸ್ಸೊಂದು ಎದುರಿಗೇ ನಿಂತಿತ್ತು. ಎದ್ದು ಹತ್ತಿಬಿಡಲೇ ಅಂದುಕೊಂಡ. ಇಡ್ಲಿ ಆರುತ್ತಿದೆ ಎಂದು ಯಶಸ್ವಿನಿ ನೆನಪಿಸಿದಳು. ಅವನು ತಿಂದ.

ನಾಗಪುರದಲ್ಲಿ ಅವನು ಆ ಕೋಣೆಯನ್ನು ಕೇಳಲಿಲ್ಲ. ಹೆದ್ದಾರಿಯ ಪಕ್ಕದ ಲಾಡ್ಜೊಂದರಲ್ಲಿ ಉಳಿದರು. ಬೆಳಿಗ್ಗೆ, "ದೀಕ್ಷಾಭೂಮಿ ಹತ್ರದಲ್ಲೇ ಇದೆ, ಒಂದು ಗಳಿಗೆ ನೋಡ್ಕೊಂಡು ಹೋಗೋಣ," ಅಂದ. "ಈ ಬಿಸಿಲಲ್ಲಿ ಅಲ್ಲೇನಿದೆ ಭಾವ?" ಅಂದ ಗೌರೀಶಂಕರ. ಡ್ರೈವರ್ ಆಗಲೇ ಜಬಲ್ಪುರದ ದಾರಿಗೆ ತಿರುಗಿಸಿದ್ದ. ರುದ್ರೇಶ ಮತ್ತೆ ಸುಮ್ಮನಾದ. ಸುಮ್ಮನಾಗುವುದು ತನಗೆ ಎಷ್ಟು ಸಲೀಸಾಗಿ ಬರುತ್ತದೆ ಎಂದು ಕಿಟಕಿಯ ಹೊರಗಿನ ಕಿತ್ತಳೆ ತೋಟಗಳನ್ನು ನೋಡುತ್ತ ಯೋಚಿಸಿದ. ಭೇಡಾಘಾಟಿನ ದೋಣಿಯಲ್ಲಿ ಎಲ್ಲರೂ ಖುಷಿಪಟ್ಟರು. ಬಿಳಿ ಕಲ್ಲಿನ ನೆರಳು ನೀರಿನ ಮೇಲೆ ಬೀಳುವ ಹೊತ್ತಿಗೇ ಅಲ್ಲಿ ಸೇರುವಂತೆ ಮನೋಹರ ಲೆಕ್ಕ ಹಾಕಿದ್ದ. ಎಂಥಾ ಹೊತ್ತಿಗೆ ಬಂದೆವು ನೋಡಿ ಎಂದು ಗೌರೀಶಂಕರ ಮೆಚ್ಚಿಕೊಂಡಾಗ ರುದ್ರೇಶನಿಗೆ ತಲೆಯೆತ್ತಲಾಗಲಿಲ್ಲ.

ಕಾಶಿಯಲ್ಲಿ ವಿಶ್ವನಾಥನ ದರ್ಶನವಾಯಿತು. ಕೋಣೆ ಮಾತ್ರ ಸಿಗಲಿಲ್ಲ. ಛತ್ರಗಳು ತುಂಬಿದ್ದವು, ಲಾಡ್ಜುಗಳಲ್ಲಿ ಕೈಯಾಡಿಸಿ ಕಳಿಸುತ್ತಿದ್ದರು. ಬಿಸಿಲಿಗೆ ಗುರುಸಿದ್ದಮ್ಮನ ಮುಖ ಕಪ್ಪಿಟ್ಟಿತ್ತು, ಮಾತು ತೊದಲುತ್ತಿತ್ತು. ಗೌರೀಶಂಕರನ ಜೋರು ಬಾಯಿ ಹಿಂದಿಯಲ್ಲಿ ನಡೆಯಲಿಲ್ಲ. ಯಶಸ್ವಿನಿಯೇ ಕೊನೆಗೆ, "ಆ ನಂಬರಿಗೆ ಮಾಡ್ರೀ," ಅಂದಳು. ಅವಳಿಗೂ ಆ ಮೆಸೇಜಿನ ವಿಷಯ ಗೊತ್ತಿತ್ತು.

ಸಾರನಾಥದ ಆ ಅತಿಥಿಗೃಹ ಬೇವಿನ ಮರಗಳ ನಡುವೆ ಇತ್ತು. ಸಂಜೆಯ ಬೆಳಕಿನಲ್ಲಿ ಅಂಗಳಕ್ಕೆ ನೀರು ಚಿಮುಕಿಸಿದ್ದರು. ನೋಡಿಕೊಳ್ಳುವವರು ಒಬ್ಬ ವಯಸ್ಸಾದ ಮರಾಠಿ ಮನುಷ್ಯ. ಗಾಡಿ ನಿಂತ ಕೂಡಲೇ ಎದ್ದು ಬಂದು ಹಿಂದಿಯಲ್ಲಿ, "ಮನೋಹರ್ ಜೀ?" ಅಂದರು.

ರುದ್ರೇಶ, "ಹೌದು," ಅಂದ.

ಅವರು ಅವನ ಎರಡೂ ಕೈ ಹಿಡಿದುಕೊಂಡರು. "ಬನ್ನಿ, ಬನ್ನಿ. ತಂದೆಯವರೆಲ್ಲಿ? ಅವರಿಗೆ ಮೆಟ್ಟಿಲು ಹತ್ತೋದು ಕಷ್ಟ ಅಂದಿದ್ದಿರಲ್ಲ, ಅವರಿಗಾಗಿ ಕೆಳಗಿನ ಕೋಣೆ ಇಟ್ಟಿದ್ದೀನಿ. ಎಷ್ಟು ಜನ ಕೇಳಿದರು, ಕೊಡಲಿಲ್ಲ. ಜೀವಮಾನವೆಲ್ಲ ರಸ್ತೆ ಕೆಲಸ ಮಾಡಿದವರು ಬರ್ತಿದ್ದಾರೆ ಅಂತ ನಮ್ಮ ವಿಹಾರದ ಭಂತೇಜಿಗೂ ಹೇಳಿದ್ದೆ." ಅವರು ಗಾಡಿಯೊಳಗೆ ಬಗ್ಗಿ ನೋಡಿದರು.

ರುದ್ರೇಶನ ಕೈ ಇನ್ನೂ ಅವರ ಕೈಯಲ್ಲಿತ್ತು. ಬಿಡಿಸಿಕೊಳ್ಳಲಾಗಲಿಲ್ಲ. ಹಿಂದೆ ಅಮ್ಮ, ಹೆಂಡತಿ, ಭಾಮೈದ, ಅವನ ಹೆಂಡತಿ ನಿಂತಿದ್ದರು. ತಂದೆಗೆ ಹುಷಾರಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಇನ್ನೊಬ್ಬರ ಮೈಮೇಲೆ ಇನ್ನೊಂದು ರೋಗ.

"ನಾನು ಮನೋಹರ ಅಲ್ಲ," ಅಂದ, ತನ್ನ ಹರುಕು ಹಿಂದಿಯಲ್ಲಿ. "ಅವನ ಸ್ನೇಹಿತ. ಅವರ ತಂದೆ ಆರೋಗ್ಯವಾಗಿದಾರೆ. ನಾವು... ನಾವು ಅವರನ್ನು ಬಿಟ್ಟು ಬಂದೆವು."

ಆ ಮನುಷ್ಯ ನಿಧಾನವಾಗಿ ಕೈ ಬಿಟ್ಟರು. ಗುರುಸಿದ್ದಮ್ಮನ ಹಣೆಯ ವಿಭೂತಿಯನ್ನೂ ಗೌರೀಶಂಕರನನ್ನೂ ಒಮ್ಮೆ ನೋಡಿದರು. ಏನು ತಿಳಿದುಕೊಂಡರೋ, ಕೇಳಲಿಲ್ಲ. "ಅಮ್ಮನಿಗೆ ಬಿಸಿಲು ತಾಗಿದೆ. ಕೆಳಗಿನ ಕೋಣೆಯಲ್ಲಿ ಮಲಗಿಸಿ," ಅಂದರು.

ಕೋಣೆಯಲ್ಲಿ ಗಟ್ಟಿ ಮಂಚ, ಪಕ್ಕದಲ್ಲಿ ಮಣ್ಣಿನ ಹೂಜಿ, ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ. ಕಿಟಕಿಯಿಂದ ನೋಡಿದರೆ ಹಳೇ ಸ್ತೂಪ. ಗುರುಸಿದ್ದಮ್ಮ ಹೂಜಿಯ ನೀರನ್ನು ಯಾರು ತುಂಬಿಟ್ಟರೆಂದು ಕೇಳದೆ ಕುಡಿದರು. ಜೀವ ಬಂದ ಮೇಲೆ ಅಡ್ಡಾಗಿ, "ಈ ಕೋಣೆ ಯಾರಿಗೆ ಇಟ್ಟಿದ್ದು?" ಅಂದರು.

"ಗಂಗಯ್ಯನೋರಿಗೆ."

ಅವರು ಸೂರು ನೋಡುತ್ತಲೇ ಹೇಳಿದರು: "ಮಂಡಿನೋವು ಅಂತ ನನ್ ಹೆಸರು ಹೇಳ್ದಲ್ಲಪ್ಪ. ನಾನು ಅವ್ರ ಜೊತೆ ಬರಲ್ಲ ಅಂದೆ. ಅದು ನಾನು ಹುಟ್ಟಿ ಬೆಳೆದ ರೀತಿ, ತಪ್ಪೋ ಸರಿಯೋ ನಂಗೆ ಗೊತ್ತಿಲ್ಲ. ಆದ್ರೆ ನಾನು ಸುಳ್ಳು ಹೇಳು ಅಂದ್ನಾ? ನೀವು ಹೋಗ್ಬನ್ನಿ ಅಂದೆ. ಆವಪ್ಪ ಎಣ್ಣೆ ತಂದು ನನ್ನ ಕೇಳಿದಾಗ ನನ್ ಮುಖ ಎಲ್ಲಿಟ್ಕೊಳ್ಳಿ?"

ಇಷ್ಟು ದಿನವೂ ರುದ್ರೇಶ ಒಳಗೊಳಗೇ ಎಲ್ಲವನ್ನೂ ಅಮ್ಮನ ಮೇಲೆ ಹಾಕಿ ಹಗುರಾಗುತ್ತಿದ್ದ. ಹಳೇ ಕಾಲದವರು, ಏನು ಮಾಡುವುದು ಎಂದು. ಈಗ ಅದೂ ಕೈಬಿಟ್ಟಿತು.

ಸಾರನಾಥಕ್ಕೆ ಬಂದ ಮೂರನೆಯ ದಿನ ಗಡಿ ದಾಟಿದರು. ಮನೋಹರ ಹೇಳಿದಂತೆ ಬೆಳಿಗ್ಗೆ ಬೇಗ ಹೋದದ್ದರಿಂದ ಗಾಡಿಯ ಚೀಟಿ ಬೇಗ ಆಯಿತು. ಅವತ್ತೇ ಪೂರ್ಣಿಮೆ. ಲುಂಬಿನಿಯಲ್ಲಿ ಮಿಕ್ಕವರೆಲ್ಲ ಗಾಡಿಯ ಹತ್ತಿರ ನೆರಳಲ್ಲಿ ಕೂತರು, ರುದ್ರೇಶ ಒಬ್ಬನೇ ಒಳಗೆ ಹೋದ. ಎಲ್ಲೆಲ್ಲಿಂದಲೋ ಬಂದ ಜನ, ಬಿಳಿ ಬಟ್ಟೆ, ಮಕ್ಕಳು, ಗುಣುಗುಣು ಪ್ರಾರ್ಥನೆ. ಹುಟ್ಟಿದ ಜಾಗವೆಂದು ಗುರುತಿಸಿದ ಕಲ್ಲಿನ ಮುಂದೆ ಸಾಲು ನಿಧಾನವಾಗಿ ಸರಿಯುತ್ತಿತ್ತು. ಹೊರಗೆ ಬಂದು ಕೊಳದ ಹತ್ತಿರ ನಿಂತಾಗ, ವಿಡಿಯೋ ಕಾಲ್ ಮಾಡಿ ಗಂಗಯ್ಯನವರಿಗೆ ತೋರಿಸಿಬಿಡಲೇ ಎಂದು ಫೋನು ತೆಗೆದ. ಹೆಸರನ್ನೂ ಹುಡುಕಿದ. ಆಮೇಲೆ ಕೈ ನಿಂತಿತು. ಅವರ ಜಾಗದಲ್ಲಿ ತಾನು ನಿಂತುಕೊಂಡು ಅವರಿಗೇ ತೋರಿಸುವುದೇ? ಅಷ್ಟರಿಂದ ತನಗೆ ಸಮಾಧಾನವಾಗಿಬಿಡುತ್ತಿತ್ತು, ಅದಕ್ಕೇ ಬೇಡವೆನಿಸಿತು. ಫೋನು ಜೇಬಿಗೆ ಹಾಕಿ, ಒಂದು ಫೋಟೋ ಕೂಡ ತೆಗೆಯದೆ ವಾಪಸಾದ. ಪಶುಪತಿನಾಥನ ಮುಂದೆ ಅಮ್ಮ ಕಣ್ಣೀರಿಟ್ಟರು. ಏನು ಬೇಡಿಕೊಂಡರೆಂದು ಹೇಳಲಿಲ್ಲ.

ಹಾಸನ ಸೇರಿದ ಮಾರನೆಯ ದಿನ ರುದ್ರೇಶ ಮನೋಹರನ ಮನೆಗೆ ಹೋದ. ಮೊದಲ ಸಲ ಆ ಮನೆಯ ಬಾಗಿಲು ತಟ್ಟಿದ್ದು. ಶಾಂತಿ ಬಾಗಿಲು ತೆಗೆದು, ಮಾತಿಲ್ಲದೆ ದಾರಿ ಬಿಟ್ಟಳು. ಗಂಗಯ್ಯ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಮನೋಹರ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ನಾನು ಸುಳ್ಳು ಹೇಳ್ದೆ," ಅಂದ ರುದ್ರೇಶ, ನಿಂತುಕೊಂಡೇ. "ಅಮ್ಮ ಹೇಳಿಸಿದ್ದಲ್ಲ. ನಾನೇ. ಎದುರು ಕೂತು ಮಾತಾಡೋ ಧೈರ್ಯ ಇರ್ಲಿಲ್ಲ. ನಿನ್ನ ಹೆಸರಲ್ಲಿದ್ದ ಕೋಣೇಲೇ ಉಳ್ಕೊಂಡೆ."

"ಗೊತ್ತು. ಸಾರನಾಥದೋರು ಫೋನ್ ಮಾಡಿದ್ರು," ಅಂದ ಮನೋಹರ. "ನಿಮ್ಮ ತಾಯಿ ಹೆಂಗಿದಾರೆ ಅಂತ ವಿಚಾರಿಸಿದ್ರು."

"ಕೂತ್ಕಳಿ ಮೇಷ್ಟ್ರೇ," ಅಂದರು ಗಂಗಯ್ಯ. ಕ್ಷಮಿಸಿದೆ ಎನ್ನಲಿಲ್ಲ, ಪರವಾಗಿಲ್ಲ ಎನ್ನಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಅವತ್ತು ಬ್ಯಾಸರ ಆಯ್ತು ಕಣಿ. ನನ್ನ ಬುಟ್ಟು ಓದ್ರಿ ಅಂತಲ್ಲ. ಇವ್ನು ನಿಮ್ಮನ್ನ ಭಾಳ ನಂಬಿದ್ದ. ನಮ್ ರುದ್ರೇಶ, ನಮ್ ರುದ್ರೇಶ ಅಂತಿದ್ದ."

ರುದ್ರೇಶ ನೆಲ ನೋಡಿದ. "ದಸರಾ ರಜೆಗೆ ನೀವು ಹೋಗೋದಾದ್ರೆ ನಾನು ಡ್ರೈವರ್ ಆಗಿ ಬತ್ತೀನಿ. ದಾರಿ ನೋಡಿದೀನಿ," ಅಂದ.

"ಬೇಡ," ಅಂದ ಮನೋಹರ. "ನಾವು ಹೋಗ್ತೀವಿ. ನೀವು ಬರೋದು ಬೇಡ."

ಗಂಗಯ್ಯ ಮಗನನ್ನು ತಡೆಯಲಿಲ್ಲ. ರುದ್ರೇಶನ ಕಡೆ ಸ್ವಲ್ಪ ಬಗ್ಗಿ, "ಗಡಿ ದಾಟಿದ್ಮ್ಯಾಲೆ ರೋಡ್ ಎಂಗದೆ? ಧೂಳಾ?" ಅಂದರು. ಅವನು ಹೇಳಿದ. ಒಳಗೆ ಎಷ್ಟು ನಡೀಬೇಕು, ಕೂರಾಕೆ ಬೆಂಚು ಅವ್ಯಾ, ಚಪ್ಲಿ ಎಲ್ಲಿ ಬುಡಬೇಕು ಎಂದು ಅವರು ಒಂದೊಂದಾಗಿ ಕೇಳಿದರು. ಅವನು ಒಂದನ್ನೂ ಬಿಡದೆ ಹೇಳಿದ. ಚೌಕಟ್ಟಿಗೆ ಒರಗಿದ್ದ ಮನೋಹರ ಒಳಗೆ ಹೋಗಲಿಲ್ಲ, ಹತ್ತಿರಕ್ಕೂ ಬರಲಿಲ್ಲ.

ಜೂನಿನಿಂದ ಮನೋಹರ ಬಸ್ಸಿನಲ್ಲಿ ಓಡಾಡತೊಡಗಿದ. ಸ್ಟಾಫ್ ರೂಮಿನಲ್ಲಿ ನಾಲ್ಕು ದಿನ ಕಳೆಯುವುದರೊಳಗೆ ಹಿಂದಿ ಟೀಚರ್ ಕೇಳಿಯೇಬಿಟ್ಟರು, "ಏನ್ ಸಾರ್, ಜೋಡಿ ಬೇರೆಯಾಯ್ತಾ? ಟೈಮಿಂಗ್ ಹೊಂದಲ್ವಾ?"

ಹೂಂ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಎಲ್ಲರೂ ಅವನ ಕಡೆ ನೋಡುತ್ತಿದ್ದರು. ಮನೋಹರ ಮೂಲೆಯ ಮೇಜಿನಲ್ಲಿ ಕಿರುಪರೀಕ್ಷೆಯ ಪೇಪರು ತಿದ್ದುತ್ತಿದ್ದ.

"ಟೈಮಿಂಗ್ ಅಲ್ಲ ಮೇಡಂ," ಅಂದ ರುದ್ರೇಶ. "ಒಟ್ಟಿಗೆ ಪ್ರವಾಸ ಹೋಗೋಣ ಅಂತ ಕರೆದು, ಅವರ ತಂದೆ ಜೊತೆ ಊಟಕ್ಕೆ ಕೂರೋದು ನಮ್ಮನೇಲಿ ಆಗಲ್ಲ ಅಂತ, ಟ್ರಿಪ್ಪೇ ಇಲ್ಲ ಅಂತ ಸುಳ್ಳು ಹೇಳಿ ನಾವು ಮಾತ್ರ ಹೋಗಿ ಬಂದ್ವಿ. ಅದಕ್ಕೆ."

ಹಿಂದಿ ಟೀಚರ್ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೊರಟರು. ಮನೋಹರ ತಲೆಯೆತ್ತಲಿಲ್ಲ. ಕೆಂಪು ಪೆನ್ನು ಒಂದು ಗಳಿಗೆ ಹಾಳೆಯ ಮೇಲೆ ನಿಂತು, ಮತ್ತೆ ಮುಂದಕ್ಕೆ ಸಾಗಿತು.